ಬ್ಯಾಲಟ್‌ನ ಕೊನೆಯ ಸಾಲನ್ನೂ ಓದಿ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಮತದ ಹಕ್ಕಿರುವ ನಮ್ಮ ಗುಂಪಿನವರಿಗೆ ಈ ಸೂಚನೆ.

ಅಂಚೆಯಲ್ಲಿ ಬ್ಯಾಲಟ್ ಬಂದಾಗ ಮೇಲಿನ ದೊಡ್ಡ ಹೆಸರುಗಳಿಗೆ ಮಾತ್ರ ಗುರುತು ಹಾಕಿ ಮಡಚಿಡಬೇಡಿ. ನಮ್ಮೂರಿನ ಶಾಲೆ, ಅಗ್ನಿಶಾಮಕ ಠಾಣೆಗೆ ದುಡ್ಡು ಕೇಳುವ ಮೆಷರ್‌ಗಳು (ಹೌದು ಅಥವಾ ಇಲ್ಲ ಅಂತ ಮತ ಹಾಕುವ ಪ್ರಸ್ತಾವಗಳು) ಇರೋದು ಕೊನೆಯಲ್ಲಿ, ಎಷ್ಟೋ ಸಲ ಹಾಳೆಯ ಹಿಂಬದಿಯಲ್ಲಿ. ಸುಸ್ತಾಗಿ ಬಿಟ್ಟುಬಿಡೋದೂ ಅಲ್ಲೇ, ಅಲ್ವಾ?

ಶಾಲಾ ಬಾಂಡ್ ಅಂದ್ರೆ ಕಟ್ಟಡಕ್ಕಾಗಿ ಎತ್ತುವ ಸಾಲ. ಸೋರುವ ಚಾವಣಿ, ಹಳೇ ಲ್ಯಾಬ್, ಇಂಥದ್ದಕ್ಕೆ. ಸಾಮಾನ್ಯವಾಗಿ 55% ಮತ ಸಾಕು, ಆದರೆ ಆ ದುಡ್ಡಲ್ಲಿ ಟೀಚರ್ ಸಂಬಳ ಕೊಡುವಂತಿಲ್ಲ. ಪಾರ್ಸೆಲ್ ಟ್ಯಾಕ್ಸ್‌ನಿಂದ, ಅಂದ್ರೆ ಒಂದೊಂದು ನಿವೇಶನದ ಮೇಲೆ ಹಾಕುವ ತೆರಿಗೆಯಿಂದ, ಕೊಡಬಹುದು. ಅದನ್ನು ಶಾಲಾ ಮಂಡಳಿ ಮತಕ್ಕಿಟ್ಟರೆ ಮೂರರಲ್ಲಿ ಎರಡು ಪಾಲು ಮತ ಬೇಕು. ಅಷ್ಟು ಮತ ಸೇರಿಸೋದು ಸುಲಭವಲ್ಲ, ನಿಮ್ಮ ಒಂದು ಮತಕ್ಕೂ ತೂಕ ಜಾಸ್ತಿ. 1978ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಅನ್ನೋ ನಿಯಮ ಆಸ್ತಿ ತೆರಿಗೆಗೆ ಆಸ್ತಿ ಮೌಲ್ಯದ 1% ಮಿತಿ ಹಾಕಿದ್ದರಿಂದ ಊರೂರೂ ಹೀಗೆ ಕೇಳಬೇಕಾಗಿದೆ.

ನನ್ನ ಮತ ಶಾಲೆಗೆ. ನೀವು ಓದಿ ತೀರ್ಮಾನಿಸಿ: ತೆರಿಗೆ ಎಷ್ಟು ವರ್ಷ ಕಟ್ಟಬೇಕು, 65 ದಾಟಿದವರಿಗೆ ವಿನಾಯಿತಿ ಇದೆಯಾ ನೋಡಿ. ಸಿಟಿಜನ್ ಆಗಿರುವ ಅಪ್ಪ-ಅಮ್ಮನ ಜೊತೆ ಕೂತು ಕನ್ನಡದಲ್ಲಿ ವಿವರಿಸಿ.

ಲಕೋಟೆ ಮೇಲೆ ಸಹಿ ಮರೆಯಬೇಡಿ. ಸ್ಟಾಂಪ್ ಬೇಡ. ಡ್ರಾಪ್ ಬಾಕ್ಸ್‌ಗೆ ಹಾಕುವವರು ಚುನಾವಣೆ ದಿನ ರಾತ್ರಿ 8ರೊಳಗೆ ಹಾಕಿ.