ಮಗಳಿಗೊಂದು ಪತ್ರ: ಸಹಿಯಾಗದ ಹನ್ನೆರಡು ರಸೀದಿಗಳು

ಸಾಗರ
ಜನವರಿ 2026

ಪ್ರೀತಿಯ ಪುಟ್ಟಿ,

ತೆರಿಗೆ ವಿನಾಯಿತಿಗೆ ಆಫೀಸಿನಲ್ಲಿ ತೋರಿಸಲು ಅಂತ ನೀನು ಕಳಿಸಿದ್ದ ಬಾಡಿಗೆ ರಸೀದಿಗಳನ್ನು ಅಪ್ಪ ಪೇಟೆಗೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬಂದರು. ರೆವಿನ್ಯೂ ಸ್ಟಾಂಪೂ ತಂದಿದ್ದಾರೆ. ಒಟ್ಟು ಹನ್ನೆರಡು ರಸೀದಿ. ತಿಂಗಳಿಗೆ 25,000 ರೂಪಾಯಿ, ಕೊಟ್ಟವಳು ನೀನು, ತೆಗೆದುಕೊಂಡವಳು ನಾನು. ಫೆಬ್ರವರಿ, ಮಾರ್ಚ್ ಇನ್ನೂ ಬಂದೇ ಇಲ್ಲ, ಅದರ ರಸೀದಿಯೂ ರೆಡಿ! ಪೆನ್ನು ಹಿಡಿದು ಕೂತೆ, ಆದರೆ ಸಹಿ ಹಾಕಲು ಕೈ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು "ಮೀಟಿಂಗ್ ಇದೆ ಅಮ್ಮ, ಆಮೇಲೆ ಮಾತಾಡೋಣ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ, ಸಮಾಧಾನವಾಗಿ ಓದು.

"ಎಲ್ಲರೂ ಮಾಡ್ತಾರೆ, ಇದು ಟ್ಯಾಕ್ಸ್ ಪ್ಲ್ಯಾನಿಂಗ್ ಅಷ್ಟೆ" ಅಂತ ನಿನ್ನ ಆಫೀಸಿನ ಗೆಳತಿ ಹೇಳಿದಳು ಅಂದೆಯಲ್ಲ, ಆ ಮಾತು ನನಗೆ ಚುಚ್ಚಿತು. ಇಪ್ಪತ್ತೆರಡು ವರ್ಷ ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆದವಳು ನಾನು. ಪ್ರತಿ ಜುಲೈನಲ್ಲೂ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ನಿನಗೆ ಅನ್ನ ಕಲಸಿ ಕೊಟ್ಟಿದ್ದು ನೆನಪಿದೆಯಾ? ಅಲ್ಲಿ ನಾವು ಮಾಡುತ್ತಿದ್ದದ್ದೂ ಟ್ಯಾಕ್ಸ್ ಪ್ಲ್ಯಾನಿಂಗೇ. ನಮ್ಮ ಮಾತಿನಲ್ಲಿ ಎರಡಕ್ಕೂ "ಟ್ಯಾಕ್ಸ್ ತಪ್ಪಿಸೋದು" ಅಂತ ಒಂದೇ ಹೆಸರಿದೆ, ಅಲ್ಲೇ ಎಡವಟ್ಟಾಗುವುದು. ತೆರಿಗೆ ಉಳಿಸುವುದು ಬೇರೆ, ಕದಿಯುವುದು ಬೇರೆ. ಉಳಿಸುವವರು ನಡೆದದ್ದನ್ನೆಲ್ಲ ರಿಟರ್ನ್‌ನಲ್ಲಿ ಬರೆದು, ಕಾನೂನೇ ಕೊಟ್ಟ ವಿನಾಯಿತಿಯನ್ನು ಕೇಳುತ್ತಾರೆ. ಕದಿಯುವವರು ನಡೆದದ್ದನ್ನು ಮುಚ್ಚಿಡುತ್ತಾರೆ, ಇಲ್ಲವೇ ನಡೆಯದ್ದನ್ನು ನಡೆದಂತೆ ಬರೆಯುತ್ತಾರೆ.

ಈ ರಸೀದಿಯನ್ನೇ ನೋಡು. ಮಕ್ಕಳು ಅಪ್ಪ-ಅಮ್ಮನಿಗೆ ಬಾಡಿಗೆ ಕೊಡುವುದು ತಪ್ಪೇ ಅಲ್ಲ. ಮನೆ ನನ್ನ ಹೆಸರಿನಲ್ಲಿದೆ. ನೀನು ಇಲ್ಲೇ ಇದ್ದುಕೊಂಡು ಕೆಲಸ ಮಾಡುತ್ತಾ, ತಿಂಗಳು ತಿಂಗಳು ನನ್ನ ಖಾತೆಗೆ ಬಾಡಿಗೆ ಹಾಕಿ, ನಾನು ಅದನ್ನು ನನ್ನ ಆದಾಯ ಅಂತ ತೋರಿಸಿದ್ದರೆ, ಖುಷಿಯಿಂದ ಹನ್ನೆರಡಕ್ಕೂ ಸಹಿ ಹಾಕುತ್ತಿದ್ದೆ. ಆದರೆ ನೀನಿರುವುದು ಬೆಂಗಳೂರಿನ ಪಿಜಿಯಲ್ಲಿ, ಅಲ್ಲಿಗೆ ಕೊಡುವುದು 12,000. ನನಗೆ ಒಂದು ರೂಪಾಯಿ ಬಾಡಿಗೆ ಬಂದಿಲ್ಲ. ಹಾಗಾದರೆ ಈ ಕಾಗದದಲ್ಲಿ ನಿಜ ಅಂತ ಏನಿದೆ ಪುಟ್ಟಿ? ನಿನ್ನ ಹೆಸರು, ನನ್ನ ಹೆಸರು, ಅಷ್ಟೇ ಅಲ್ವಾ?

ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಬಾಡಿಗೆ ತೋರಿಸಿದರೆ ಮನೆ ಮಾಲೀಕರ ಪ್ಯಾನ್ ಕೊಡಲೇಬೇಕು. ನಿನ್ನ ಕಡೆ 3 ಲಕ್ಷ ಕೊಟ್ಟೆ ಅಂತ ಇರುತ್ತದೆ, ನನ್ನ ರಿಟರ್ನ್‌ನಲ್ಲಿ ಎಫ್‌ಡಿ ಬಡ್ಡಿ ಬಿಟ್ಟರೆ ಏನೂ ಇರುವುದಿಲ್ಲ. ಇಡೀ ದೇಶದ ರಿಟರ್ನ್‌ಗಳು ಹೋಗಿ ಸೇರುವ ಸಿಪಿಸಿ ಇರುವುದು ನಿನ್ನ ಬೆಂಗಳೂರಿನಲ್ಲೇ. ಅಲ್ಲಿ ಇದನ್ನು ಹೊಂದಿಸಿ ನೋಡಲು ಈಗ ಮನುಷ್ಯರು ಕೂರಬೇಕಾಗಿಲ್ಲ, ಕಂಪ್ಯೂಟರೇ ಸಾಕು. ಹೋದ ವರ್ಷ ಜುಲೈನಲ್ಲಿ ಇದೇ ತರಹ ಸುಳ್ಳು ಬಾಡಿಗೆ, ಸುಳ್ಳು ದೇಣಿಗೆ ತೋರಿಸಿ ರೀಫಂಡ್ ಕೊಡಿಸುತ್ತಿದ್ದ ಏಜೆಂಟರನ್ನು ಹುಡುಕಿಕೊಂಡು ಇಲಾಖೆಯವರು ದೇಶದಲ್ಲಿ 150 ಕಡೆ ಶೋಧ ಮಾಡಿದರು. ಸುಳ್ಳು ಲೆಕ್ಕ ಅಂತ ಸಾಬೀತಾದರೆ ತೆರಿಗೆ ಬೇರೆ, ಬಡ್ಡಿ ಬೇರೆ, ಅದರ ಮೇಲೆ ತೆರಿಗೆಯ ಎರಡು ಪಟ್ಟು ದಂಡ. ಸಿಕ್ಕಿಬೀಳುವ ಭಯಕ್ಕೆ ಇದನ್ನೆಲ್ಲ ಹೇಳುತ್ತಿಲ್ಲ. ಭಯವೇ ಕಾರಣವಾದರೆ, ಸಿಗುವುದಿಲ್ಲ ಅಂತ ಗೊತ್ತಾದ ದಿನ ಸಹಿ ಹಾಕಬೇಕಾಗುತ್ತದೆ.

ನಿನ್ನೆ ರಾತ್ರಿ ನಿನ್ನ ಲೆಕ್ಕ ಹಾಕಿದೆ. ಸಂಬಳ 14 ಲಕ್ಷ, ಅದರಲ್ಲಿ ಬೇಸಿಕ್, ಅಂದರೆ ಮೂಲ ವೇತನ, 7 ಲಕ್ಷ. ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆಯಲ್ಲ, ಹಳೆ ಪದ್ಧತಿಯಲ್ಲಿ ಈ ಸುಳ್ಳು ಬಾಡಿಗೆಗೆ 2.30 ಲಕ್ಷ ವಿನಾಯಿತಿ ಸಿಗುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪಿಎಫ್ ಎಲ್ಲ ಸೇರಿ ಒಂದೂವರೆ ಲಕ್ಷ ಕಳೆದರೂ 9.70 ಲಕ್ಷಕ್ಕೆ ತೆರಿಗೆ ಬೀಳುತ್ತದೆ. ಸೆಸ್ ಸೇರಿ 1,10,760. ಹೊಸ ಪದ್ಧತಿಯಲ್ಲಿ ಯಾವ ಸುಳ್ಳೂ ಹೇಳದೆ, ಬರೀ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 81,900. ಎರಡೆರಡು ಸಲ ಕೂಡಿಸಿ ನೋಡಿದೆ. ಸುಳ್ಳು ಹೇಳಿದರೆ ನೀನು 28,860 ರೂಪಾಯಿ ಜಾಸ್ತಿ ಕಟ್ಟುತ್ತೀಯ! ನಿನ್ನ ಗೆಳತಿ ಇದನ್ನು ಲೆಕ್ಕ ಹಾಕಿಯೇ ಇಲ್ಲ. ಆಫೀಸಿನಲ್ಲಿ ಹಳೆಯದನ್ನು ಆರಿಸಿದ್ದರೂ ಪರವಾಗಿಲ್ಲ, ರಿಟರ್ನ್ ಹಾಕುವಾಗ ಹೊಸದಕ್ಕೆ ಬದಲಾಯಿಸಬಹುದು. ಸಂಬಳದಲ್ಲಿ ಮೊದಲೇ ಜಾಸ್ತಿ ಹಿಡಿದ ತೆರಿಗೆ, ಅದೇ ಟಿಡಿಎಸ್, ವಾಪಸ್ ಬರುತ್ತದೆ.

ಇನ್ನೂ ಇದೆ. ನಿಮ್ಮ ಎಚ್‌ಆರ್‌ನವರನ್ನು ಎನ್‌ಪಿಎಸ್ ಅನ್ನುವ ಪಿಂಚಣಿ ಯೋಜನೆಯ ಬಗ್ಗೆ ಕೇಳು. ನಿನ್ನ ಪ್ಯಾಕೇಜಿನಲ್ಲೇ ಒಂದು ಭಾಗವನ್ನು ಕಂಪನಿಯ ಕಡೆಯಿಂದ ನಿನ್ನ ಎನ್‌ಪಿಎಸ್ ಖಾತೆಗೆ ಹಾಕಿಸಿದರೆ, ಬೇಸಿಕ್‌ನ ಶೇ. 14ರವರೆಗೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ. ನಿನಗೆ ಅದು ವರ್ಷಕ್ಕೆ 98,000. ಆಗ ತೆರಿಗೆಗೆ ಸಿಗುವ ಆದಾಯ 12.27 ಲಕ್ಷಕ್ಕೆ ಇಳಿಯುತ್ತದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ. ಅದನ್ನು ದಾಟಿದವರಿಗೆ, ಎಷ್ಟು ದಾಟಿದೆಯೋ ಅದಕ್ಕಿಂತ ಜಾಸ್ತಿ ತೆರಿಗೆ ಬೀಳಬಾರದು ಅಂತ ಕಾನೂನಿನಲ್ಲೇ ಇದೆ. ನೀನು ದಾಟಿರುವುದು 27,000. ಸೆಸ್ ಸೇರಿ 28,080, ಮುಗಿಯಿತು. 81,900 ಎಲ್ಲಿ, 28,080 ಎಲ್ಲಿ! ಆ 98,000 ಬಹಳ ವರ್ಷ ಸುಲಭಕ್ಕೆ ಕೈಗೆ ಸಿಗುವುದಿಲ್ಲ, ಅದನ್ನು ಯೋಚಿಸಿಯೇ ಒಪ್ಪಿಕೋ. ಈ ವರ್ಷಕ್ಕೆ ತಡವಾಯಿತು, ದರ ಹೀಗೇ ಇದ್ದರೆ ಏಪ್ರಿಲ್‌ನಿಂದ ಶುರು ಮಾಡು. ನೋಡು, ನಾನೇ ನಿನಗೆ ತೆರಿಗೆ ತಪ್ಪಿಸಲು ಹೇಳಿಕೊಡುತ್ತಿದ್ದೇನೆ. ಇದರಲ್ಲಿ ನನಗೆ ಒಂದಿಷ್ಟೂ ಅಳುಕಿಲ್ಲ, ಯಾಕೆಂದರೆ ಇದರ ಒಂದೊಂದು ಸಾಲೂ ಫಾರಂನಲ್ಲಿ ಬರುತ್ತದೆ.

ಈಗ ಇಷ್ಟು ವರ್ಷ ನಿನಗೆ ಹೇಳದ ಒಂದು ವಿಷಯ. 2008ರಲ್ಲಿ ನಾವೊಂದು ಸೈಟು ತೆಗೆದುಕೊಂಡೆವು. ಮಾತಾದ ಬೆಲೆ 6 ಲಕ್ಷ. ಮಾರುವವರು ಕ್ರಯಪತ್ರದಲ್ಲಿ ಎರಡೂವರೆ ಅಂತ ಬರೆಸೋಣ, ಉಳಿದದ್ದು ಕೈಗೆ ಕೊಡಿ ಅಂದರು. ಅವರಿಗೆ ಲಾಭದ ಮೇಲಿನ ತೆರಿಗೆ ತಪ್ಪುತ್ತಿತ್ತು, ನಮಗೆ ಸ್ಟಾಂಪ್ ಡ್ಯೂಟಿ ಕಮ್ಮಿ. ನಾನು ಲೆಕ್ಕ ಬರೆಯುವವಳು, ತಪ್ಪು ಅಂತ ಗೊತ್ತಿತ್ತು. ಆದರೂ ಹೂಂ ಅಂದೆ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಹೋಟೆಲಿನಲ್ಲಿ, ಬಟ್ಟೆ ಅಂಗಡಿಯ ಕವರಿನಲ್ಲಿದ್ದ ಮೂರೂವರೆ ಲಕ್ಷವನ್ನು ಅಪ್ಪ ಮೇಜಿನ ಕೆಳಗೇ ಎಣಿಸಿ ಕೊಟ್ಟರು. ನಾನು ಬಾಗಿಲ ಕಡೆ ನೋಡುತ್ತಾ ಕೂತಿದ್ದೆ. ಕಾಫಿ ಪೂರ್ತಿ ಆರಿಹೋಯಿತು. ಕ್ರಯಪತ್ರದ ಬೆಲೆಗಿಂತ ಜಾಸ್ತಿ ಬ್ಯಾಂಕಿನವರು ಸಾಲ ಕೊಡುವುದಿಲ್ಲವಲ್ಲ, ಆ ಕವರಿನ ದುಡ್ಡಿಗೆ ನನ್ನ ನಾಲ್ಕು ಬಳೆ ಅಡವಿಗೆ ಹೋದವು.

ಅದೇ ಸೈಟನ್ನು 2016ರಲ್ಲಿ ಮಾರಿ, ಅಜ್ಜನ ಜಾಗದಲ್ಲಿ ಈ ಮನೆ ಕಟ್ಟಿದೆವು. ಈ ಸಲ ಪೂರ್ತಿ ಹಣ ಚೆಕ್ಕಿನಲ್ಲಿ ತೆಗೆದುಕೊಂಡೆವು. ಸೈಟು ಮಾರಿದ ಹಣವನ್ನೆಲ್ಲ ಮೂರು ವರ್ಷದೊಳಗೆ ಮನೆ ಕಟ್ಟಲು ಹಾಕಿದರೆ ಆ ಲಾಭಕ್ಕೆ ತೆರಿಗೆ ಇಲ್ಲ. ರಿಟರ್ನ್ ಹಾಕುವ ಹೊತ್ತಿಗೆ ಖರ್ಚಾಗದೆ ಉಳಿದದ್ದನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಇಟ್ಟೆವು. ಸಿಮೆಂಟಿನ ಬಿಲ್ಲು, ಗಾರೆಯವರಿಗೆ ಕೊಟ್ಟ ಚೆಕ್ಕಿನ ನಂಬರು, ಎಲ್ಲ ಒಂದು ಹಸಿರು ಫೈಲಿನಲ್ಲಿ. ಒಂದು ರೂಪಾಯಿ ತೆರಿಗೆ ಕಟ್ಟಲಿಲ್ಲ. ಆಮೇಲೆ ಇಲಾಖೆಯಿಂದ ವಿವರ ಕೇಳಿ ಪತ್ರ ಬಂತು. ಫೈಲು ತೆಗೆದುಕೊಂಡು ಹೋಗಿ ಕೊಟ್ಟು ಬಂದೆ. ಆದರೆ ಕೊಂಡ ಬೆಲೆ ಅನ್ನುವ ಕಡೆ ಎರಡೂವರೆ ಲಕ್ಷ ಅಂತಲೇ ಇತ್ತು. ನಾವೇ ಸಹಿ ಹಾಕಿದ್ದ ಸುಳ್ಳು ಎಂಟು ವರ್ಷ ಕಳೆದರೂ ಅಲ್ಲೇ ಕೂತಿತ್ತು. ಅದನ್ನು ಅಧಿಕಾರಿಯ ಮೇಜಿನ ಮೇಲಿಡುವಾಗ ನನ್ನ ಕೈ ನಡುಗಿತು ಪುಟ್ಟಿ. ಒಂದೇ ಸೈಟು. ಕೊಳ್ಳುವಾಗ ಕದ್ದೆವು, ಮಾರುವಾಗ ಉಳಿಸಿದೆವು.

ಇವೆರಡರ ನಡುವೆ ಮಸುಕಾದ ಜಾಗವೂ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಡ್ಯೂಕ್ ತನ್ನ ತೋಟದ ಮಾಲಿಗೆ ಕೂಲಿಯ ಬದಲು, ಇಷ್ಟು ವರ್ಷ ಇಷ್ಟು ಹಣ ಕೊಡುತ್ತೇನೆ ಅಂತ ಕರಾರು ಬರೆದುಕೊಟ್ಟ. ಕೂಲಿಗೆ ವಿನಾಯಿತಿ ಇರಲಿಲ್ಲ, ಕರಾರಿನ ಹಣಕ್ಕೆ ಇತ್ತು. ಮಾಲಿ ಅದೇ ಕೆಲಸ ಮಾಡುತ್ತಲೇ ಇದ್ದ. ಅಲ್ಲಿನ ಕೋರ್ಟು, ತೆರಿಗೆ ಕಮ್ಮಿಯಾಗುವ ಹಾಗೆ ವ್ಯವಹಾರ ಜೋಡಿಸಿಕೊಳ್ಳುವುದು ಅವನ ಹಕ್ಕು ಅಂದಿತು. ನಮ್ಮ ಸುಪ್ರೀಂ ಕೋರ್ಟು 1985ರಲ್ಲಿ ಮೆಕ್‌ಡೋವೆಲ್ ಕಂಪನಿಯ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಕಾನೂನಿನೊಳಗೆ ಪ್ಲ್ಯಾನ್ ಮಾಡಿಕೊಳ್ಳಿ, ಆದರೆ ಬರೀ ತೆರಿಗೆ ತಪ್ಪಿಸಲು ಕಟ್ಟಿದ ವೇಷ ನಡೆಯುವುದಿಲ್ಲ ಅಂದಿತು. 2017ರಿಂದ ದೊಡ್ಡ ವ್ಯವಹಾರಗಳಿಗೆ ಇದಕ್ಕೇ ಗಾರ್ ಅಂತ ನಿಯಮ ಬಂದಿದೆ, 3 ಕೋಟಿಗಿಂತ ಜಾಸ್ತಿ ತೆರಿಗೆ ಲಾಭ ಇದ್ದರೆ. ಅದು ವಕೀಲರು ವರ್ಷಗಟ್ಟಲೆ ವಾದ ಮಾಡುವ ಜಾಗ. ನಮ್ಮ ರಸೀದಿಗೆ ವಾದವೇ ಬೇಡ.

ಸಂಬಳದವರದ್ದು ಮಾತ್ರ ಕೈಗೆ ಬರುವ ಮೊದಲೇ ಹಿಡಿಯುತ್ತಾರೆ, ಉಳಿದವರು ಆರಾಮಾಗಿದ್ದಾರೆ ಅಂತ ನಿನಗೆ ಸಿಟ್ಟಿದೆ. ನನಗೂ ಇದೆ. ಚಿಕ್ಕಪ್ಪನ ಅಡಿಕೆಗೆ ಆದಾಯ ತೆರಿಗೆ ಇಲ್ಲ, ಅದು ಕಾನೂನು, ಸರಿ. ಆದರೆ ಎರಡೆಕರೆ ತೋಟದಲ್ಲಿ ಅರವತ್ತು ಕ್ವಿಂಟಲ್ ಅಡಿಕೆ ಬೆಳೆದೆ ಅಂತ ಕಾಂಟ್ರಾಕ್ಟಿನ ದುಡ್ಡನ್ನು ಅದರಲ್ಲಿ ತೋರಿಸಿದವರ ಲೆಕ್ಕವೂ ನಮ್ಮ ಆಫೀಸಿಗೆ ಬಂದಿತ್ತು. ನಮ್ಮ ಆಡಿಟರು ಫೈಲು ಮಡಚಿ ವಾಪಸ್ ಕೊಟ್ಟರು. ಅಷ್ಟು ದೊಡ್ಡ ಕಕ್ಷಿ ಕೈಬಿಟ್ಟು ಹೋದರೂ ಅವರ ಮುಖದಲ್ಲಿ ಬೇಸರ ಇರಲಿಲ್ಲ, ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ರಸೀದಿಗಳನ್ನು ಹರಿದು ಹಂಡೆ ಒಲೆಗೆ ಹಾಕಿದೆ. ಸ್ಟಾಂಪುಗಳನ್ನು ಅಪ್ಪ ತಮ್ಮ ಡೈರಿಯಲ್ಲಿ ಇಟ್ಟುಕೊಂಡಿದ್ದಾರೆ. ಡಿಸೆಂಬರ್ ತಿಂಗಳ ಪೇ ಸ್ಲಿಪ್ ವಾಟ್ಸಾಪ್ ಮಾಡು, ಬೇಸಿಕ್ ಸರಿಯಾಗಿ ಎಷ್ಟಿದೆ ನೋಡಿ ಲೆಕ್ಕ ಇನ್ನೊಂದು ಸಲ ಹಾಕುತ್ತೇನೆ. ನಿನ್ನ ಗೆಳತಿಯದ್ದೂ ಕಳಿಸು, ಅವಳಿಗೂ ಹಾಕಿಕೊಡುತ್ತೇನೆ. ಮತ್ತೆ ಪಿಜಿಯಲ್ಲಿ ರಾತ್ರಿ ಊಟ ಬಿಡಬೇಡ.

ನಿನ್ನ
ಅಮ್ಮ