ಫ್ಯೂಷನ್ ಟ್ರಕ್ ಬೋರ್ಡಿನಲ್ಲಿ ಪದಾರ್ಥಗಳ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಫ್ಯೂಷನ್ ಊಟ, ಅಂದರೆ ಎರಡು ದೇಶದ ಅಡುಗೆ ಬೆರೆಸಿ ಮಾಡಿದ್ದನ್ನು ಮಾರುವ ಫುಡ್ ಟ್ರಕ್‌ನವರು ತಿನಿಸಿನ ಹೆಸರಿನ ಕೆಳಗೆ ಅದಕ್ಕೆ ಏನೇನು ಹಾಕಿದ್ದಾರೆ ಅಂತಲೂ ಬರೆಯಬೇಕು. ನನ್ನ ಮಗಳಿಗೆ ಎಳ್ಳು ಆಗಿಬರುವುದಿಲ್ಲ. ಚೂರು ಬಾಯಿಗೆ ಹೋದರೂ ತುಟಿ ಊದಿಕೊಂಡು ಉಸಿರಾಡೋದು ಕಷ್ಟವಾಗುತ್ತದೆ.

ಮೊನ್ನೆ ಮಧ್ಯಾಹ್ನ ಅಂಥ ಒಂದು ಟ್ರಕ್ ಹತ್ತಿರ ಹೋಗಿದ್ದೆವು. ಬೋರ್ಡಿನಲ್ಲಿ ‘ಕೊರಿಯನ್ ಟ್ಯಾಕೊ’ ಅಂತಷ್ಟೇ ಇತ್ತು. ಮೆಕ್ಸಿಕೋದ ಮಡಚಿದ ರೊಟ್ಟಿಯೊಳಗೆ ಕೊರಿಯನ್ ರುಚಿಯ ಹೂರಣ ಇಟ್ಟು ಕೊಡುವ, 2008ರಲ್ಲಿ ಲಾಸ್ ಏಂಜಲೀಸ್‌ನ ಕೋಗಿ ಟ್ರಕ್‌ನಿಂದ ಹೆಸರಾದ ತಿನಿಸು ಇದು. ‘ಇದರಲ್ಲಿ ಎಳ್ಳು ಇದೆಯಾ?’ ಅಂತ ಕಿಟಕಿಯಲ್ಲಿದ್ದ ಹುಡುಗನನ್ನು ಕೇಳಿದೆ. ‘ಮೇಲೆ ಉದುರಿಸ್ತೀವಿ ಮೇಡಂ, ಬೇಡ ಅಂದ್ರೆ ಹಾಕಲ್ಲ’ ಅಂದ. ನನಗೆ ಸಮಾಧಾನ ಆಗಲಿಲ್ಲ. ಅಡುಗೆ ಮಾಡೋರನ್ನೇ ಒಂದು ಸಲ ಕೇಳಪ್ಪ ಅಂದೆ. ಒಳಗಿದ್ದಾಕೆ ಬಾಟಲಿಯೊಂದನ್ನು ಎತ್ತಿ ತೋರಿಸಿದರು. ಹುರಿದ ಎಳ್ಳಿನ ಎಣ್ಣೆ! ತೋಫುವನ್ನು (ಸೋಯಾ ಪನೀರ್) ನೆನೆಸಿಟ್ಟ ಮಸಾಲೆಗೇ ಅದು ಬಿದ್ದಿತ್ತು. ಪಕ್ಕದಲ್ಲಿದ್ದ ಸಾಸ್ ಬಾಟಲಿಗಳ ಮೇಲೆ ಒಂದು ಚೀಟಿಯೂ ಇಲ್ಲ. ‘ಎಲ್ಲಾ ಒಂದೇ ಕಾವಲಿ ಮೇಲೆ ಮಾಡ್ತೀವಮ್ಮ, ಮಗೂಗೆ ಕೊಡಬೇಡಿ’ ಅಂದರು. ಹಾಗೆ ನೇರವಾಗಿ ಹೇಳಿದ್ದಕ್ಕೆ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಮಗಳು ಡಬ್ಬಿಯಲ್ಲಿ ತಂದದ್ದನ್ನು ತಿಂದಳು. ನಾನು ಸ್ವಲ್ಪ ದೂರ ಕೂತು ಟ್ಯಾಕೊ ತಿಂದು, ಕೈ ಬಾಯಿ ಚೆನ್ನಾಗಿ ತೊಳೆದುಕೊಂಡೆ. ರುಚಿಗೆ ಹೆಸರಿಡುವ ಹಾಗಿಲ್ಲ. ತೋಫುವಿನ ಅಂಚು ಗರಿಗರಿ, ಬಿಸಿಬಿಸಿ. ಅದರ ಮೇಲೆ ತಣ್ಣಗಿನ ಹುಳಿ ಕಿಮ್ಚಿ, ಅಂದರೆ ಕೊರಿಯಾದವರ ಎಲೆಕೋಸಿನ ಉಪ್ಪಿನಕಾಯಿ. ಕೆಳಗಿನ ಮೆಕ್ಕೆಜೋಳದ ಟಾರ್ಟಿಲ್ಲಾ ರೊಟ್ಟಿ ರಸ ಹೀರಿಕೊಂಡು ಮೆತ್ತಗಾಗಿದ್ದರೂ ಹರಿಯಲಿಲ್ಲ. ಕೈಗುಣ ಇರುವವರು ಮಾಡಿದ ಊಟ ಅದು.

ಗೊತ್ತಿರುವ ತಿನಿಸಾದರೆ ಹೆಸರು ಕೇಳಿದ ತಕ್ಷಣ ಒಳಗೇನಿದೆ ಅಂತ ಅಂದಾಜು ಸಿಗುತ್ತದೆ. ಎರಡು ದೇಶದ ಅಡುಗೆ ಬೆರೆತಾಗ ಆ ಅಂದಾಜು ಕೈಕೊಡುತ್ತದೆ. ಟ್ಯಾಕೊ ಅಂದರೆ ಎಳ್ಳು ಯಾರಿಗೆ ನೆನಪಾಗುತ್ತೆ, ಹೇಳಿ? ಸಸ್ಯಾಹಾರಿಗಳಿಗೂ ಇದೇ ಪಾಡು. ಕಿಮ್ಚಿ ನೋಡೋಕೆ ಬರೀ ಎಲೆಕೋಸು, ಆದರೆ ಅದಕ್ಕೆ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸೀಗಡಿ ಸೇರಿಸುವುದು ಮಾಮೂಲಿ. ಗೋಚುಜಾಂಗ್ ಅನ್ನೋ ಖಾರದ ಕೊರಿಯನ್ ಮೆಣಸಿನಕಾಯಿ ಪೇಸ್ಟ್‌ನಲ್ಲಿ ಸೋಯಾ ಇರುತ್ತದೆ, ಎಷ್ಟೋ ಸಲ ಗೋಧಿಯೂ ಇರುತ್ತದೆ. ಕಾವಲಿಯ ಬಿಸಿಗೆ ಅಲರ್ಜಿ ಗುಣ ಹೋಗಿಬಿಡುತ್ತೆ ಅಂತ ಕೆಲವರು ನಂಬಿದ್ದಾರೆ. ಎಳ್ಳಿನ ವಿಷಯದಲ್ಲಿ ಅದನ್ನು ನಂಬಲೇಬೇಡಿ.

ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ಎಳ್ಳು, ಶೇಂಗಾ, ಸೋಯಾ, ಮೀನು ಸೇರಿ 14 ಬಗೆಯ ಪದಾರ್ಥಗಳ ಬಗ್ಗೆ ಗಿರಾಕಿಗಳಿಗೆ ತಿಳಿಸಲೇಬೇಕು. ಬಿಡಿಯಾಗಿ ಮಾರುವ ಊಟಕ್ಕೂ ಈ ನಿಯಮ ಇದೆ. ಟ್ರಕ್‌ನಲ್ಲಿ ಇರೋದೇ ನಾಲ್ಕೈದು ತಿನಿಸು. ಒಂದು ಬೋರ್ಡು ಬರೆಯೋಕೆ, ಬಾಟಲಿಗಳಿಗೆ ಚೀಟಿ ಅಂಟಿಸೋಕೆ ಜಾಸ್ತಿ ಹೊತ್ತು ಬೇಡ. ಕಿಟಕಿಯಲ್ಲಿ ನಿಲ್ಲುವವರಿಗೆ ಮಸಾಲೆಗೆ ಏನು ಬೀಳುತ್ತದೆ ಅಂತ ಮೊದಲೇ ಹೇಳಿಕೊಟ್ಟಿರಬೇಕು. ಅಲರ್ಜಿ ಇರುವವರು ‘ಎಳ್ಳು ಇದೆಯಾ’ ಅಂತ ಕೇಳಿ ಸುಮ್ಮನಾಗಬೇಡಿ. ಎಣ್ಣೆ ಯಾವುದು, ಸಾಸ್ ಯಾವುದು, ಕಾವಲಿ ಬೇರೆ ಇದೆಯಾ ಅಂತಲೂ ಕೇಳಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು