ಕೂರಿಗೆ ಬುಶ್ ತಗೊಳ್ಳುವ ಗ್ರಾಹಕರಿಗೆ

ಮಾನ್ಯರೇ, ನಮಸ್ಕಾರ.

ಈ ಸಲದಿಂದ ಬಿಳಿ ಬುಶ್ (ಕೂರಿಗೆಯ ಶಾಫ್ಟು ತಿರುಗುವ ಪ್ಲಾಸ್ಟಿಕ್ ಬಳೆ) ರೇಟು ಒಂದಕ್ಕೆ 2 ರೂಪಾಯಿ ಜಾಸ್ತಿ. ಮಾಲು ಕೈ ಸೇರಲು ವಾರದ ಬದಲು 10 ದಿನ ಹಿಡಿಯುತ್ತದೆ. ದಾಣಾ, ಅಂದರೆ ಕರಗಿಸುವ ಪ್ಲಾಸ್ಟಿಕ್ ಕಾಳು, ಹಳೆಯದೇ. ಬದಲಾಗಿದ್ದು ಡೈನ, ಅಂದರೆ ಬುಶ್ ತೆಗೆಯುವ ಅಚ್ಚಿನ, ಬಿಸಿ.

ಮೊದಲು ಡೈ ಒಳಗೆ ತಣ್ಣೀರು ಓಡುತ್ತಿತ್ತು, ಪೀಸು ಪಟಪಟ ಬೀಳುತ್ತಿದ್ದವು. ಈಗ ಹೀಟರ್ ಕೂರಿಸಿ ಡೈಯನ್ನು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇವೆ. ಪೀಸು ಆರುವುದು ನಿಧಾನ, ಗಂಟೆಗೆ ಬೀಳುವ ಲೆಕ್ಕವೂ ಕಡಿಮೆ. ರೇಟು ಏರಿದ್ದು ಇದಕ್ಕೇ.

ಸುಮ್ನೆ ಮಾಡಿದ್ದಲ್ಲ. ಬುಶ್‌ಗೆ ಹಾಕುವ ಅಸೆಟಾಲ್ ಪ್ಲಾಸ್ಟಿಕ್ ಅಂದರೆ ಅಣುಗಳ ಉದ್ದುದ್ದ ಎಳೆಗಳು. ಕರಗಿದಾಗ ಎಲ್ಲ ಸಿಕ್ಕುಸಿಕ್ಕು. ಬಿಸಿ ಸುಮಾರು 170 ಡಿಗ್ರಿಗಿಂತ ಕೆಳಗೆ ಇಳಿದರೆ, ಶಕ್ತಿಯ ಲೆಕ್ಕದಲ್ಲಿ ಅವು ಮಡಚಿ ಸಾಲಾಗಿ ಹರಳು ಕಟ್ಟುವುದೇ ಲಾಭ. ಆದರೆ ಲಾಭ ಇದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ, ಅಲ್ವಾ? ಕರಗುವ ಬಿಸಿಯ ಹತ್ತಿರದಲ್ಲಿ ಆ ಲಾಭ ಚೂರೇ ಚೂರು, ಮೊದಲ ಹರಳು ಹುಟ್ಟುವುದೇ ಕಷ್ಟ. ತೀರಾ ತಣ್ಣಗಾದರೆ ಎಳೆಗಳಿಗೆ ಅಲುಗಾಡಲು ತ್ರಾಣ ಇರುವುದಿಲ್ಲ. ವೇಗ ಸಿಗುವುದು ಈ ಎರಡರ ನಡುವೆ. ತುಪ್ಪ ನಿಧಾನ ಆರಿದರೆ ಮರಳು ಮರಳಾಗಿ ಕಟ್ಟುತ್ತದಲ್ಲ, ಇದಕ್ಕೂ ಅಂಥ ಪುರಸೊತ್ತು ಬೇಕು.

ತಣ್ಣನೆ ಡೈನಲ್ಲಿ ಕೆಲಸ ಅರ್ಧಕ್ಕೇ ಉಳಿಯುತ್ತದೆ. ಉಳಿದದ್ದು ನಿಮ್ಮ ಗೋದಾಮಿನಲ್ಲಿ ನಡೆಯುತ್ತದೆ! ಅಸೆಟಾಲ್ ಎಳೆಗಳು ಪೂರ್ತಿ ಜಡವಾಗಲು ಸೊನ್ನೆಗಿಂತ ಸುಮಾರು 60 ಡಿಗ್ರಿ ಕೆಳಗೆ ಹೋಗಬೇಕು. ಗದಗ, ಹಾವೇರಿಯ ತಗಡಿನ ಶೆಡ್ಡಿಗೆ ಅಂಥ ಚಳಿ ಎಲ್ಲಿಂದ ಬರಬೇಕು? ಹಾಗಾಗಿ ಚೀಲದಲ್ಲಿದ್ದ ಬುಶ್ ಕೂಡ ತಿಂಗಳುಗಟ್ಟಲೆ ಹರಳು ಕಟ್ಟುತ್ತಾ ಹೋಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಹರಳಿಗೆ ಜಾಗ ಕಡಿಮೆ ಸಾಕು. ಹಾಗಾಗಿ ಬುಶ್ ಕುಗ್ಗಿ, ತೂತು ಒಂದು ಕೂದಲೆಳೆಯ ಮಟ್ಟಿಗೆ ಕಿರಿದಾಗುತ್ತದೆ. ಚಳಿಗಾಲದಲ್ಲಿ ಸಲೀಸಾಗಿ ತಿರುಗಿದ ಶಾಫ್ಟು ಬಿತ್ತನೆ ಹೊತ್ತಿಗೆ ಬಿಗಿ ಹಿಡಿಯುತ್ತದೆ ಅಂತ ನಿಮ್ಮಲ್ಲಿ ಕೆಲವರು ಹೇಳುತ್ತಿದ್ದದ್ದು ಇದನ್ನೇ.

ಬಿಸಿ ಡೈನಲ್ಲಿ ಹೆಚ್ಚಿನ ಕುಗ್ಗುವಿಕೆ ನಮ್ಮಲ್ಲೇ ಮುಗಿದುಹೋಗುತ್ತದೆ. ಅದಕ್ಕೆ ತಕ್ಕಂತೆ ಡೈನಲ್ಲಿ ತೂತು ಮೂಡಿಸುವ ಪಿನ್ನನ್ನು ಒಂಚೂರು ದಪ್ಪ ಮಾಡಿಸಿದ್ದೇವೆ. ಹಳೆ ರೂಢಿಯಂತೆ ಹೊಸ ಬುಶ್‌ಗೆ ರೀಮರ್ ಹಾಕಿ ತೂತು ದೊಡ್ಡದು ಮಾಡಬೇಡಿ, ಸಡಿಲಾಗುತ್ತದೆ. ಒಂದೇ ಶಾಫ್ಟಿಗೆ ಹಳೆಯದು ಹೊಸದು ಬೆರೆಸಬೇಡಿ. ಹೊಸ ಮಾಲಿನ ಚೀಲಕ್ಕೆ ಹಸಿರು ದಾರ ಕಟ್ಟಿರುತ್ತೇವೆ.

ಮುಂಗಾರು ಬಿತ್ತನೆಗೆ ಬೇಕಾದವರು ಯುಗಾದಿ ಒಳಗೆ ಆರ್ಡರ್ ಹೇಳಿ. ಮೇ ತಿಂಗಳಲ್ಲಿ ಒಮ್ಮೆಲೇ ಬಂದರೆ ಈ ನಿಧಾನದ ಡೈನಲ್ಲಿ ಪೂರೈಸಲು ಆಗುವುದಿಲ್ಲ.

ಇಂತಿ ನಿಮ್ಮ,
ಬುಶ್ ವಿಭಾಗ,
ತಾರಿಹಾಳ ಕೈಗಾರಿಕಾ ಪ್ರದೇಶ, ಹುಬ್ಬಳ್ಳಿ